27ನೇ ಪುಟದ ಚುಕ್ಕೆ

ಕೇಳುಗರಿಗೆಲ್ಲ ನಮಸ್ಕಾರ. ಮೊದಲು ಒಂದು ಸುಳ್ಳಿನ ವಿಷಯ ಹೇಳಿಬಿಡುತ್ತೇನೆ. ಸುಳ್ಳು ಹೇಳಿದ್ದು ನಾನೇ.

ಹೋದ ಮಳೆಗಾಲದಲ್ಲಿ ಧಾರವಾಡದ ಮಾಳಮಡ್ಡಿಯ ಒಂದು ಮನೆಯ ಪಡಸಾಲೆಯಲ್ಲಿ ನಾವು ಹನ್ನೊಂದು ಜನ ಸೇರಿದ್ದೆವು. ಓದುವ ಹುಚ್ಚಿನವರದೊಂದು ಕೂಟ ಮಾಡೋಣ ಅಂತ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಚಹಾ, ಗಿರ್ಮಿಟ್. ಒಬ್ಬೊಬ್ಬರೇ ಪರಿಚಯ ಹೇಳಿಕೊಳ್ಳಬೇಕಿತ್ತು. ಹೆಸರು, ಕೆಲಸ, ಇಷ್ಟದ ಪುಸ್ತಕ. ನಾಲ್ಕನೆಯವರ ಹೊತ್ತಿಗೆ ಎಲ್ಲರ ಪಟ್ಟಿಯೂ ಒಂದೇ ಅಂತ ಗೊತ್ತಾಯಿತು. ಕನ್ನಡಕ್ಕೆ ಬಂದಿರುವುದು 8 ಜ್ಞಾನಪೀಠ. ಅರ್ಧ ಗಂಟೆಯಲ್ಲಿ ಎಂಟೂ ಹೆಸರು ಮುಗಿದವು. ನನ್ನ ಸರದಿ ಬಂದಾಗ ನಾನೂ ಒಂದು ಮಹಾಕಾವ್ಯದ ಹೆಸರು ಹೇಳಿ, "ಎರಡು ಸಲ ಓದಿದ್ದೇನೆ" ಅಂದುಬಿಟ್ಟೆ. ಎರಡು ಸಲ ಶುರು ಮಾಡಿದ್ದೆ, ಅಷ್ಟೆ. ಎರಡು ಸಲವೂ ಅರವತ್ತನೇ ಪುಟ ದಾಟಿರಲಿಲ್ಲ.

ಆ ಮನೆಯ ಅಮ್ಮ ನಿವೃತ್ತ ಗಣಿತದ ಟೀಚರ್. ಸುಳ್ಳನ್ನು ಮುಖ ನೋಡಿಯೇ ಹಿಡಿಯುವವರು. ನಕ್ಕು ಹೇಳಿದರು: "ಇದು ಇಂಟರ್‌ವ್ಯೂ ಆತು, ಪರಿಚಯ ಆಗಲಿಲ್ರೀ. ಮುಂದಿನ ರವಿವಾರ ಒಂದೊಂದು ಪುಸ್ತಕ ತರ್ರಿ. ಮನ್ಯಾಗ ಹೆಂಗ ಐತಿ ಹಂಗ ತರ್ರಿ. ಧೂಳಾ ಝಾಡಿಸಬ್ಯಾಡ್ರಿ."

ಮುಂದಿನ ಭಾನುವಾರ ಬಂದವು ನೋಡಿ ಪುಸ್ತಕಗಳು! ಬೆನ್ನು ಕಿತ್ತುಹೋದವು. ಒಗ್ಗರಣೆಯ ಎಣ್ಣೆ ಕುಡಿದವು. ಒಂದರೊಳಗೆ ಬೇವಿನ ಎಲೆ, ಒಣಗಿ ಪುಡಿಪುಡಿ. ಒಂದರಲ್ಲಿ ನವಿಲುಗರಿ. ಅದು ಮರಿ ಹಾಕುತ್ತದೆ ಅಂತ ನಾವೆಲ್ಲ ಪೆನ್ಸಿಲ್ ಕೆತ್ತಿದ ಹೊಟ್ಟು ಹಾಕಿ ಕಾದವರೇ, ಅಲ್ವಾ? ಆ ಪುಸ್ತಕ ತಂದವರಿಗೆ ಈಗ ಐವತ್ತೆಂಟು. ಗರಿ ಇನ್ನೂ ಒಂದೇ ಇದೆ.

ಟೀಚರಮ್ಮ ಮೊದಲು ಮಾತಾಡಿದರು. ಕಾದಂಬರಿ ಕೈಗೆ ಬಂದರೆ ಅವರು ಕೊನೆಯ ಪುಟದಿಂದ ಶುರು ಮಾಡುತ್ತಾರಂತೆ. "ಯಾರು ಸಾಯ್ತಾರ ಅಂತ ಮೊದಲ ಗೊತ್ತಾದ್ರ ಆರಾಮ ಓದಬಹುದ್ರೀ." ಎಲ್ಲರೂ ನಕ್ಕರು. ನನಗೆ ಮಾತ್ರ ಇದು ವಿಚಿತ್ರ ಅನ್ನಿಸಲಿಲ್ಲ. 1956ರಲ್ಲಿ ಹುಬ್ಬಳ್ಳಿಯಿಂದ ಶುರುವಾದ 'ಕಸ್ತೂರಿ' ಮಾಸಪತ್ರಿಕೆ ನಮ್ಮ ಮನೆಗೂ ಬರುತ್ತಿತ್ತು. ಅದರ ಕೊನೆಯಲ್ಲಿ ಪುಸ್ತಕ ವಿಭಾಗ ಅಂತ ಇರುತ್ತಿತ್ತು. ಒಂದಿಡೀ ಪುಸ್ತಕವನ್ನು ಚಿಕ್ಕದು ಮಾಡಿ ಕೊಡುತ್ತಿದ್ದರು. ನಮ್ಮಪ್ಪ ಹಿಂದಿನಿಂದ ಓದುತ್ತಾ ಬರುವವರು, ನಾನು ಮುಂದಿನಿಂದ. ಪಾ.ವೆಂ. ಆಚಾರ್ಯರು ಪದಗಳ ಹುಟ್ಟು ಬಿಡಿಸಿ ಹೇಳುವ ಪುಟಗಳ ಹತ್ತಿರ ಇಬ್ಬರ ಜಗಳ.

ಒಬ್ಬರು ನರ್ಸ್. ರಾತ್ರಿ ಪಾಳಿಯಲ್ಲಿ ಸಿಗುವುದು ಇಪ್ಪತ್ತು ನಿಮಿಷ, ಅದರಲ್ಲಿ ಮುಗಿಯುವ ಕತೆ ಮಾತ್ರ ಓದುತ್ತಾರೆ. ಬ್ಯಾಂಡೇಜಿನ ತುಂಡು ಅವರ ಪುಟದ ಗುರುತು. ಇನ್ನೊಬ್ಬರು ಪುಸ್ತಕ ಕೊಳ್ಳುತ್ತಾರೆ, ಓದುವುದಿಲ್ಲ. ಅದನ್ನು ಅವರು ಧೈರ್ಯವಾಗಿ ಹೇಳಿದರು. ನನಗೆ ಹೊಟ್ಟೆಕಿಚ್ಚಾಯಿತು. ಆ ಧೈರ್ಯ ನನಗೆ ಹಿಂದಿನ ವಾರ ಇರಲಿಲ್ಲವಲ್ಲ!

ಕಂಡಕ್ಟರರ ಪುಸ್ತಕ ಬಂದಾಗ ಎಲ್ಲರೂ ಸುಮ್ಮನಾದರು. ಧಾರವಾಡ, ಹಳಿಯಾಳ, ದಾಂಡೇಲಿ, ಇದು ಅವರ ಮಾರ್ಗ. ತಂದಿದ್ದು 600 ಪುಟದ ದಪ್ಪ ಕಾದಂಬರಿ. ಬಸ್ಸು ನಿಲ್ದಾಣದಲ್ಲಿ ನಿಂತ ಹೊತ್ತಿನಲ್ಲಿ, ಡ್ರೈವರ್ ಚಹಾಕ್ಕೆ ಇಳಿದಾಗ, ಎರಡು ಪುಟ, ಮೂರು ಪುಟ ಓದಿದ್ದಾರೆ. ಸೀಟಿ ಊದುವ ಮೊದಲು ನಿಲ್ಲಿಸಿದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಬರೆದಿಡುತ್ತಾರೆ. "ಹಳಿಯಾಳ 2.40." ಮುಂದಿನ ಪುಟದಲ್ಲಿ "ದಾಂಡೇಲಿ 4.05." ಒಂದು ಕಡೆ "ಟೈರ್ ಪಂಚರ್." ಅದರ ಮುಂದೆ ಹದಿನಾಲ್ಕು ಪುಟ ಯಾವ ಗುರುತೂ ಇಲ್ಲ. ಅವತ್ತು ಚೆನ್ನಾಗಿ ಓದಿರಬೇಕು. ಕಾದಂಬರಿಯಲ್ಲಿ ತಾಯಿ ತೀರಿಕೊಳ್ಳುವ ಪುಟದ ಅಂಚಿನಲ್ಲಿ ಮಾತ್ರ ಊರೂ ಇಲ್ಲ, ಹೊತ್ತೂ ಇಲ್ಲ. "ಹೌದು" ಅಂತ ಒಂದೇ ಮಾತು. ಶ್ರಾವಣದಲ್ಲಿ ಹಿಡಿದ ಪುಸ್ತಕ ಮುಗಿದಿದ್ದು ಸಂಕ್ರಾಂತಿಗೆ. ಪಿಎಚ್‌ಡಿ ಮಾಡಿದವರೂ ಆ ಕಾದಂಬರಿಯನ್ನು ಇಷ್ಟು ನಿಧಾನ ಓದಿರಲಾರರು.

ಈಗ ನಾನು ತಂದ ಪುಸ್ತಕ. ಅದು ನಮ್ಮದಲ್ಲ. ಬಾಡಿಗೆ ಲೈಬ್ರರಿಯದ್ದು. ಐವತ್ತು ವರ್ಷ ಆಗುತ್ತಾ ಬಂತು, ವಾಪಸ್ಸು ಕೊಟ್ಟಿಲ್ಲ.

ಸರ್ಕ್ಯುಲೇಟಿಂಗ್ ಲೈಬ್ರರಿ ಅಂದರೆ ಈಗಿನವರಿಗೆ ಬಿಡಿಸಿ ಹೇಳಬೇಕು. ಒಂದು ಬಾಗಿಲಿನ ಅಂಗಡಿ. ಒಳಗೆ ಮೂರು ಕಡೆಯೂ ಸೂರಿನ ತನಕ ಕಾದಂಬರಿ. ಹೊಸ ಪುಸ್ತಕ ತಂದ ತಕ್ಷಣ ಅದರ ಚಂದದ ರಕ್ಷಾಪುಟ ಕಿತ್ತು, ದಪ್ಪ ರಟ್ಟು ಕಟ್ಟಿ, ದಬ್ಬಳ ಹಾಕಿ ಹೊಲಿದುಬಿಡುತ್ತಿದ್ದರು. ಹೊಲಿಗೆ ಎಷ್ಟು ಒಳಗೆ ಬರುತ್ತಿತ್ತು ಅಂದರೆ, ಸಾಲಿನ ಮೊದಲ ಅಕ್ಷರ ಓದಲು ಪುಸ್ತಕವನ್ನು ಸೀಳಬೇಕು. ಐದು ರೂಪಾಯಿ ಠೇವಣಿ, ದಿನಕ್ಕೆ ಹತ್ತು ಪೈಸೆ. ನಮ್ಮಮ್ಮ ಸದಸ್ಯೆ, ನಾನು ಹೊರುವವನು. ಚೀಲದಲ್ಲಿ ಎರಡು ಪುಸ್ತಕ, ಮೇಲೆ ಕೊತ್ತಂಬರಿ ಸೊಪ್ಪು. ಕಾದಂಬರಿ ಓದುವುದು ಅಜ್ಜನಿಗೆ ಕಾಣಬಾರದು ಅಂತ ಈ ಸೊಪ್ಪು.

ಅಮ್ಮನಿಗೆ ಒಂದು ತೊಂದರೆ ಇತ್ತು. ಎಲ್ಲ ಪುಸ್ತಕಕ್ಕೂ ಒಂದೇ ಬಣ್ಣದ ರಟ್ಟು. ಹೆಸರುಗಳೂ ಒಂದರ ಹಾಗೆ ಇನ್ನೊಂದು. ಓದಿದ್ದು ಯಾವುದು, ಓದದ್ದು ಯಾವುದು? ನಾಲ್ಕು ಪುಟ ಓದಿದ ಮೇಲೆ "ಅಯ್ಯೋ, ಇದು ಆಗಿದೆ" ಅಂತ ಗೊತ್ತಾದರೆ ಹತ್ತು ಪೈಸೆ ದಂಡ. ಅದಕ್ಕೆ ಅವರು ಒಂದು ಉಪಾಯ ಮಾಡಿದ್ದರು. ಓದಿ ಮುಗಿಸಿದ ಪುಸ್ತಕದ 27ನೇ ಪುಟದಲ್ಲಿ, ಪುಟದ ಸಂಖ್ಯೆಯ ಕೆಳಗೆ, ಕಣ್ಣಿಗೆ ಹಚ್ಚುವ ಕಾಡಿಗೆಯಿಂದ ಒಂದು ಚುಕ್ಕೆ. ಅಂಗಡಿಯಲ್ಲಿ ನಾನು ಮೊದಲು 27 ತೆಗೆದು ನೋಡಬೇಕು. ಚುಕ್ಕೆ ಇದ್ದರೆ ಬೇಡ. 27 ಯಾಕೆ ಅಂತ ಕೇಳಿದರೆ, "ಸುಮ್ನೆ" ಅನ್ನುತ್ತಿದ್ದರು.

ಆಮೇಲೆ ಗೊತ್ತಾಯಿತು, ಇದು ಅಮ್ಮನೊಬ್ಬರ ಗುಟ್ಟಲ್ಲ. ಓಣಿಯ ಎಲ್ಲ ಹೆಂಗಸರದ್ದೂ ಒಂದೊಂದು ಪುಟ, ಒಂದೊಂದು ಗುರುತು. ಪಕ್ಕದ ಮನೆಯವರದ್ದು 50ನೇ ಪುಟದಲ್ಲಿ ಗುಣಾಕಾರ. ಯಾರೋ ಒಬ್ಬರದ್ದು 11ರಲ್ಲಿ ಪುಟ್ಟ ರಂಗೋಲಿ ಎಳೆ. ಅಂಗಡಿಯವರಿಗೆ ಎಲ್ಲ ಬಾಯಿಪಾಠ. ಬೈಯುತ್ತಲೇ ಹೇಳುತ್ತಿದ್ದರು: "ಇದನ್ನ ನಿಮ್ಮವ್ವ ಓದಿಲ್ಲ, ಆದರ ಸ್ಟೇಷನ್ ರೋಡಿನ ಟೀಚರಮ್ಮ ಓದ್ಯಾರ. ಛಲೋ ಇರಬೇಕು, ಒಯ್ಯಿ." ಅವರ ಮಟ್ಟಿಗೆ ಅದೇ ವಿಮರ್ಶೆ. ಅಂಚಿನಲ್ಲಿ ಟೀಕೆಗಳೂ ಇರುತ್ತಿದ್ದವು. "ಇವನನ್ನು ನಂಬಬೇಡ." "ಅತ್ತೆ ಒಳ್ಳೆಯವಳು, ಮುಂದೆ ನೋಡಿ." ಒಮ್ಮೆ ಒಂದು ಪುಸ್ತಕದ ಕೊನೆಯ ಎಂಟು ಪುಟ ಇರಲಿಲ್ಲ. ಅಮ್ಮ ರಾತ್ರಿಯೆಲ್ಲ ಚಡಪಡಿಸಿದರು. ಬೆಳಗ್ಗೆ ಬಚ್ಚಲಿನ ಹಿಂದಿನ ಗೋಡೆಯ ಹತ್ತಿರ ನಿಂತು ಪಕ್ಕದ ಮನೆಯವರನ್ನು ಕರೆದರು. ಪುಟ ಹರಿಯುವ ಮೊದಲೇ ಅವರು ಓದಿದ್ದರು. ಗೋಡೆಯ ಆಚೆಯಿಂದ ಕೊನೆಯ ಎಂಟು ಪುಟ ಕೇಳಿಸಿದವು. ನಡುವೆ ಹಾಲು ಉಕ್ಕಿತು. ಇಬ್ಬರ ಮನೆಯಲ್ಲೂ.

ಆ ಕಾಲದ ಕನ್ನಡ ಓದುಗರು ಅಂದರೆ ಹೆಚ್ಚುಪಾಲು ಈ ಹೆಂಗಸರೇ. ತ್ರಿವೇಣಿಯವರು 1963ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರ ಪುಸ್ತಕಗಳು ಅದಾದ ಮೇಲೂ ಎಷ್ಟೋ ವರ್ಷ ಇಂಥ ಅಂಗಡಿಗಳಲ್ಲಿ ಒಂದು ದಿನವೂ ಕಪಾಟಿನಲ್ಲಿ ಕೂರಲಿಲ್ಲ. ಇವರನ್ನೆಲ್ಲ ಯಾರೂ ಓದುಗರು ಅಂತ ಲೆಕ್ಕಕ್ಕೆ ಹಿಡಿಯಲಿಲ್ಲ. "ಟೈಂಪಾಸ್" ಅಂದರು. ನನಗೆ ಈಗಲೂ ಅದಕ್ಕೆ ಸಿಟ್ಟಿದೆ.

ಪುಸ್ತಕ ಮಾಡುವವರಿಗೆ ಮಾತ್ರ ಓದುಗರ ಬೆಲೆ ಗೊತ್ತಿತ್ತು. ಈ ಸೀಮೆಯಲ್ಲೇ ನೋಡಿ. ವೆಂಕಟೇಶ ತಿರಕೋ ಕುಲಕರ್ಣಿ, ಅಂದರೆ ಗಳಗನಾಥರು, 1869ರಿಂದ 1942ರವರೆಗೆ ಇದ್ದವರು. ಬರೆದರು, ಅಚ್ಚು ಮಾಡಿದರು, ಆಮೇಲೆ ತಾವೇ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಓದುಗ ಅವರಿಗೆ ಬಾಗಿಲು ತೆಗೆದು ನೀರು ಕೊಟ್ಟ ಮನುಷ್ಯ. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದಾಗ ಹಿಡಿದ ದಾರಿ ಚಂದಾದಾರರದ್ದು. ವರ್ಷದ ದುಡ್ಡು ಮೊದಲೇ ಕಟ್ಟುವುದು, ಯಾವ ಪುಸ್ತಕ ಬರುತ್ತದೋ ಗೊತ್ತಿಲ್ಲದೆ ಕಾಯುವುದು. ಸುಭಾಷ ರಸ್ತೆಯ ಅವರ ಅಟ್ಟಕ್ಕೆ ದೊಡ್ಡ ದೊಡ್ಡ ಸಾಹಿತಿಗಳು ಮೆಟ್ಟಿಲು ಹತ್ತಿ ಬರುತ್ತಿದ್ದರು. ಆದರೆ ಆ ಅಟ್ಟವನ್ನು ಹೊತ್ತವರು ಹಳ್ಳಿಪಳ್ಳಿಗಳಲ್ಲಿ ಕೂತು ಅಂಚೆಯವನ ದಾರಿ ಕಾಯುತ್ತಿದ್ದ ಮೇಷ್ಟ್ರುಗಳು, ತಲಾಟಿಗಳು, ಸ್ಟೇಷನ್ ಮಾಸ್ಟರುಗಳು ಅಂತ ನಾನು ತಿಳಿದಿದ್ದೇನೆ.

ಹಾಗೆ ನೋಡಿದರೆ ನೀವೂ ಚಂದಾದಾರರೇ. 1965ರ ನಮ್ಮ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಇದೆ. ಮನೆ ತೆರಿಗೆಯ ರಸೀದಿ ತೆಗೆದು ನೋಡಿ. ಕಟ್ಟುತ್ತಿದ್ದೀರಿ, ಹೋಗುತ್ತಿಲ್ಲ, ಅಷ್ಟೆ.

ಕೊನೆಗೆ ಉಳಿದವನು ಒಬ್ಬ ಹುಡುಗ. ಬೆಂಗಳೂರಿನ ಕಂಪನಿ ಕೆಲಸ, ತಿಂಗಳಲ್ಲಿ ಎರಡು ವಾರ ಧಾರವಾಡದ ಮನೆಯಿಂದ ಮಾಡುತ್ತಾನೆ. ಅವನು ಪುಸ್ತಕ ತಂದಿರಲಿಲ್ಲ. ಫೋನು ತೋರಿಸಿದ. "ನಾನು ಜಾಸ್ತಿ ಕೇಳೋದು, ಗಾಡಿ ಓಡಿಸುವಾಗ. ಒಂದೂವರೆ ಸ್ಪೀಡಿನಲ್ಲಿ" ಅಂದ. ಬೆಂಗಳೂರಿನಲ್ಲಿದ್ದಾಗ ಶನಿವಾರ ಕಬ್ಬನ್ ಪಾರ್ಕಿಗೆ ಹೋಗುತ್ತಾನಂತೆ. ಅಲ್ಲಿ ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಜನ ಸುಮ್ಮನೆ ಓದುತ್ತಾ ಕೂರುತ್ತಾರೆ. ಭಾಷಣವಿಲ್ಲ, ಚರ್ಚೆಯಿಲ್ಲ, ಪರಿಚಯ ಕೂಡ ಕಡ್ಡಾಯವಲ್ಲ. ಇದು ಶುರುವಾಗಿ ಕೆಲವೇ ವರ್ಷ ಆಗಿದೆ, ಬೇರೆ ಊರುಗಳಿಗೂ ಹಬ್ಬಿದೆ. ಅದೇ ಪಾರ್ಕಿನಲ್ಲಿ 1915ರ ಕೆಂಪು ಕಟ್ಟಡದೊಳಗೆ ರಾಜ್ಯ ಕೇಂದ್ರ ಗ್ರಂಥಾಲಯವಿದೆ.

ನಮ್ಮಲ್ಲೊಬ್ಬ ಹಿರಿಯರು ತಕ್ಷಣ, "ಕೇಳೋದು ಓದಲ್ಲ" ಅಂದರು. ಅವತ್ತು ನಾನು ಜೋರಾಗಿ ಜಗಳ ಆಡಿದೆ. ಇಲ್ಲಿಂದ ಗದಗ ಎಷ್ಟು ದೂರ? ಅಲ್ಲಿನ ವೀರನಾರಾಯಣ ಗುಡಿಯಲ್ಲಿ ಕೂತು ಕುಮಾರವ್ಯಾಸ ಬರೆದ ಅಂತ ನಂಬುತ್ತೇವೆ. ಆ ಭಾಮಿನಿ ಷಟ್ಪದಿಯನ್ನು ಊರವರು ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಕಣ್ಣಲ್ಲಿ ಓದಿದರೇ? ಒಬ್ಬರು ರಾಗವಾಗಿ ವಾಚನ ಮಾಡುವುದು, ಇನ್ನೊಬ್ಬರು ಅರ್ಥ ಹೇಳುವುದು, ಉಳಿದವರು ಹತ್ತಿ ಬಿಡಿಸುತ್ತಾ ಕೇಳುವುದು. ನಮ್ಮಜ್ಜಿಗೆ ಓದಲು ಬರುತ್ತಿರಲಿಲ್ಲ. ಆದರೆ ಶ್ರಾವಣದ ಪುರಾಣದಲ್ಲಿ ವಾಚನಕಾರರು ಒಂದು ಸಾಲು ಹಾರಿಸಿದರೆ ಹಿಂದಿನಿಂದ ಕೆಮ್ಮುತ್ತಿದ್ದರು. ಅವರು ಓದುಗರಲ್ಲ ಅಂತ ಹೇಳುವವರು ಯಾರು? ಅಷ್ಟೇಕೆ, ಈಗ ನೀವು ಮಾಡುತ್ತಿರುವುದೇನು? ಕೇಳುತ್ತಿದ್ದೀರಿ. ಒಂದೂವರೆ ಸ್ಪೀಡ್ ಮಾತ್ರ ನನಗೂ ಸೇರುವುದಿಲ್ಲ. ದುಃಖದ ಪ್ರಸಂಗವೂ ಹರಾಜು ಕೂಗಿದ ಹಾಗೆ ಕೇಳುತ್ತದೆ. ಅದನ್ನೂ ಅವನಿಗೆ ಹೇಳಿದೆ.

ಹುಡುಗ ನಮ್ಮಮ್ಮನ 27ನೇ ಪುಟವನ್ನು ಬೆಳಕಿಗೆ ಹಿಡಿದು ನೋಡಿದ. ಕಾಡಿಗೆ ಈಗ ಕಂದು ಬಣ್ಣಕ್ಕೆ ತಿರುಗಿದೆ, ಹಿಂದಿನ ಪುಟಕ್ಕೂ ಇಳಿದಿದೆ. "ನಾನು ಎಲ್ಲಿ ಚುಕ್ಕೆ ಇಡಲಿ ಅಂಕಲ್?" ಅಂತ ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಕಂಡಕ್ಟರ್ ಏನೂ ಹೇಳದೆ ತಮ್ಮ ದಪ್ಪ ಕಾದಂಬರಿಯನ್ನು ಅವನ ಬ್ಯಾಗಿಗೆ ತುರುಕಿದರು.

ಎರಡು ತಿಂಗಳಾದ ಮೇಲೆ ಪುಸ್ತಕ ವಾಪಸ್ಸು ಬಂತು. ಕಂಡಕ್ಟರ್ ಅಲ್ಲೇ ಪುಟ ತಿರುವಿದರು. ಹಳಿಯಾಳ 2.40 ಇತ್ತು. ದಾಂಡೇಲಿ 4.05 ಇತ್ತು. ಎರಡರ ನಡುವೆ, ಬೇರೆ ಕೈಬರಹದಲ್ಲಿ, ತೆಳ್ಳಗೆ: "ಕಬ್ಬನ್ ಪಾರ್ಕ್ 11.15."

ಕಂಡಕ್ಟರ್ ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು. "ಈ ಸ್ಟಾಪ್ ನಮ್ಮ ರೂಟಿನಾಗ ಇದ್ದಿದ್ದಿಲ್ಲಲ್ಲೋ ತಮ್ಮಾ" ಅಂದರು.

ನಮಸ್ಕಾರ.