ಯಕೃತ್ತಿನ ಶಸ್ತ್ರಚಿಕಿತ್ಸೆಯ ಮರುದಿನಗಳು

ಕೇಳುಗರಿಗೆ ನಮಸ್ಕಾರ.

ಸುಮಾರು 1.5 ಕಿಲೋ ತೂಗುವ ಯಕೃತ್ತು, ನೀವೆಲ್ಲ ಲಿವರ್ ಎನ್ನುವ ಅಂಗ, ಆರೋಗ್ಯವಾಗಿದ್ದರೆ ಅದರ ಮೂರರಲ್ಲಿ ಎರಡು ಪಾಲನ್ನು ಗೆಡ್ಡೆಯ ಸಮೇತ ಕತ್ತರಿಸಿ ತೆಗೆದರೂ ಉಳಿದ ಭಾಗ ಕೆಲವೇ ತಿಂಗಳಲ್ಲಿ ಬಹುತೇಕ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ. ಆದರೆ ಮೊದಲ ಕೆಲವು ದಿನಗಳು ಕಠಿಣ. ಆ ದಿನಗಳಲ್ಲಿ ರೋಗಿಯ ಮಾತು ತಪ್ಪಿದರೆ, ಮೈ ಬೆವೆತರೆ, ಮಂಪರು ಕವಿದರೆ ತಕ್ಷಣ ರಕ್ತದ ಸಕ್ಕರೆ ನೋಡಿಸಿ. ನಾನು ಹೇಳಬಂದಿರುವುದು ಇದನ್ನೇ.

ಉಂಡ ರೊಟ್ಟಿ, ಅನ್ನದ ಸಕ್ಕರೆಯನ್ನು ಯಕೃತ್ತು ನಮ್ಮ ತುಂಗಭದ್ರಾ ಜಲಾಶಯದಂತೆ ಕೂಡಿಟ್ಟುಕೊಂಡು, ರಾತ್ರಿ ಹೊಟ್ಟೆ ಖಾಲಿಯಿರುವಾಗ ಅಷ್ಟಷ್ಟೇ ರಕ್ತಕ್ಕೆ ಬಿಡುತ್ತದೆ. ಜಲಾಶಯದಲ್ಲಿ ನೀರು ಕಡಿಮೆಯಾದರೆ ಎಡದಂಡೆ ಕಾಲುವೆಯ ಕೊನೆಯ ಭಾಗದ ಗದ್ದೆ ಮೊದಲು ಒಣಗುವಂತೆ, ಸ್ವಂತ ದಾಸ್ತಾನಿಲ್ಲದ ಮೆದುಳು ಮೊದಲು ಸೊರಗುತ್ತದೆ.

ಸಿಂಧನೂರು ಕಡೆಯ ಭತ್ತದ ರೈತರೊಬ್ಬರಿಗೆ ಯಕೃತ್ತಿನ ಬಲಭಾಗ ತೆಗೆದಿದ್ದೆವು. ಎರಡನೆಯ ರಾತ್ರಿ ಮೂರು ಗಂಟೆಯ ಹೊತ್ತಿಗೆ ಹಾಸಿಗೆಯ ಪಕ್ಕದಲ್ಲಿ ಕುಳಿತಿದ್ದ ಅವರ ಹೆಂಡತಿ ಸೆರಗಿನಿಂದ ಹಣೆ ಒರೆಸಿದಷ್ಟೂ ತಣ್ಣನೆಯ ಬೆವರು ಒಸರುತ್ತಿತ್ತು. ಅವರು ಹೆಂಡತಿಯನ್ನು ಅಕ್ಕನ ಹೆಸರಿನಿಂದ ಕರೆದು, "ಗದ್ದಿಗೆ ನೀರು ಬಿಟ್ರೇನು?" ಎಂದು ಕೇಳಿದರಂತೆ. ಅರಿವಳಿಕೆಯ ಮಂಪರು, ಬೆಳಿಗ್ಗೆ ಇಳಿಯುತ್ತದೆ ಎಂದು ಅಲ್ಲಿದ್ದವರು ಹೇಳಿದರೂ ಆ ತಾಯಿ ಒಪ್ಪಲಿಲ್ಲ. "ಇವರು ಒಂದಿನಾನೂ ನನ್ನ ಹೆಸರು ತಪ್ಪಿದವರಲ್ಲ" ಎಂದು ನನಗೆ ಫೋನು ಮಾಡಿಸುವವರೆಗೂ ಬಾಗಿಲು ಬಿಟ್ಟು ಕದಲಲಿಲ್ಲ. ಬೆರಳ ತುದಿ ಚುಚ್ಚಿ ನೋಡಿದರೆ, 70ಕ್ಕಿಂತ ಕೆಳಗಿಳಿಯಬಾರದ ಸಕ್ಕರೆ 38ಕ್ಕೆ ಬಂದಿತ್ತು. ರಕ್ತನಾಳಕ್ಕೆ ಗ್ಲೂಕೋಸ್ ಹೋದ ಹತ್ತು ನಿಮಿಷದಲ್ಲಿ ಅವರು ಹೆಂಡತಿಯ ಹೆಸರು ಹಿಡಿದು ಕುಡಿಯಲು ನೀರು ಕೇಳಿದರು. ಎಲ್ಲವನ್ನೂ ಮಂಪರು ಎಂಬ ಒಂದೇ ಪದದಿಂದ ಮುಚ್ಚಿಬಿಡುವ ಅಭ್ಯಾಸವನ್ನು ನಾನು ಸಹಿಸಲಾರೆ. ಒಂದು ಹನಿ ರಕ್ತ, ಒಂದು ನಿಮಿಷ ಸಾಕು.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಶಸ್ತ್ರಚಿಕಿತ್ಸೆಯ ನಂತರದ ಎರಡು ಮೂರು ದಿನಗಳಲ್ಲಿ ರಕ್ತದ ಫಾಸ್ಫೇಟ್ ಎಂಬ ಲವಣ ಇಳಿಯುತ್ತದೆ, ತೀರಾ ಇಳಿದರೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ; ವೈದ್ಯರು ಪದೇಪದೇ ರಕ್ತ ತೆಗೆದರೆ ಬೇಸರಪಡಬೇಡಿ. ಸಕ್ಕರೆ ಸರಿಯಿದ್ದೂ ಮಂಪರು ಬಿಡದಿದ್ದರೆ ಯಕೃತ್ತು ತೆಗೆದುಹಾಕಬೇಕಾದ ಅಮೋನಿಯಾ ಎಂಬ ತ್ಯಾಜ್ಯ ರಕ್ತದಲ್ಲಿ ಏರಿರಬಹುದು, ಅದನ್ನೂ ನೋಡಬೇಕು.

ಮನೆಗೆ ಹೋದ ಮೇಲೆ ಶ್ರಾವಣ ಸೋಮವಾರದ ಉಪವಾಸ ಈ ವರ್ಷ ಬೇಡ; ಮಲಗುವ ಮುನ್ನ ಏನಾದರೂ ಉಣ್ಣಿ. ಮಧುಮೇಹ ಇರುವವರು ಹಳೆಯ ಮಾತ್ರೆ, ಇನ್ಸುಲಿನ್‌ಗಳನ್ನು ಹಳೆಯ ಪ್ರಮಾಣದಲ್ಲೇ ತೆಗೆದುಕೊಳ್ಳುವ ಮೊದಲು ವೈದ್ಯರನ್ನು ಕೇಳಿ, ಸಕ್ಕರೆ ನೋಡಿಸಿಕೊಳ್ಳಿ. ನಮಸ್ಕಾರ.