ಬ್ಯಾಟರಿ ಬದಲಾದ ಮೇಲೆ ಎಮಿಷನ್ ಟೆಸ್ಟ್

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಹಾಸನದ ಬ್ಯಾಟರಿ ಅಂಗಡಿಗಳಿಗೆ ಕೈತುಂಬ ಕೆಲಸ. ಸಕಲೇಶಪುರ, ಆಲೂರು, ಬೇಲೂರು ಕಡೆ ಜೂನ್‌ನಿಂದ ಶೆಡ್ಡಿನಲ್ಲೇ ನಿಂತಿದ್ದ ಕಾರುಗಳು ಒಂದೊಂದಾಗಿ ಹೊರಗೆ ಬರುತ್ತವೆ. ಬ್ಯಾಟರಿ ಸತ್ತಿರುತ್ತದೆ. ಪಕ್ಕದ ಗಾಡಿಯಿಂದ ಜಂಪ್ ಕೊಟ್ಟು ಹೇಗೋ ಪೇಟೆಗೆ ತಂದು ಹೊಸ ಬ್ಯಾಟರಿ ಹಾಕಿಸುತ್ತಾರೆ. ನೋಡಿದರೆ ಎಮಿಷನ್ ಸರ್ಟಿಫಿಕೇಟೂ ಮುಗಿದಿರುತ್ತದೆ. ಬಂದಿದ್ದೇವಲ್ಲ, ಅದನ್ನೂ ಮುಗಿಸಿಕೊಂಡು ಹೋಗೋಣ ಅಂತ ಅಲ್ಲಿಂದ ನೇರ ಬಂಕಿನ ಪಕ್ಕದ ಎಮಿಷನ್ ಸೆಂಟರಿಗೆ. ಫೇಲ್ ಅಂತ ಬಂದರೆ ಸೆಂಟರಿನ ಮೆಷಿನ್ ಸರಿ ಇಲ್ಲ ಅಂತ ಜಗಳ.

ಮೆಷಿನ್ ಸರಿಯಾಗೇ ಇರಬಹುದು. ಬ್ಯಾಟರಿ ಬಿಚ್ಚಿದಾಗ ಕಾರಿನ ಕಂಪ್ಯೂಟರಿನಲ್ಲಿ ಏನಾಯಿತು ಅನ್ನುವುದನ್ನು ಮೊದಲು ನೋಡಬೇಕು.

ಪೆಟ್ರೋಲ್ ಎಂಜಿನ್ನಿಗೆ ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಸಲು ಸುಮಾರು 14.7 ಕಿಲೋ ಗಾಳಿ ಬೇಕು. ಈ ಲೆಕ್ಕ ನೋಡಿಕೊಳ್ಳುವುದು ಕಂಪ್ಯೂಟರ್. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿಕೊಂಡು ಪೆಟ್ರೋಲನ್ನು ಒಂಚೂರು ಜಾಸ್ತಿ, ಒಂಚೂರು ಕಮ್ಮಿ ಮಾಡುತ್ತಿರುತ್ತದೆ. ನಿಮ್ಮ ಎಂಜಿನ್ ಹಳೆಯದು, ಇಂಜೆಕ್ಟರ್ ಸ್ವಲ್ಪ ಕಟ್ಟಿದೆ, ಥ್ರಾಟಲ್‌ನಲ್ಲಿ ಮಸಿ ಕೂತಿದೆ. ಇದನ್ನೆಲ್ಲ ದಿನಾ ಓಡುತ್ತಾ ಕಲಿತು ಬರೆದಿಟ್ಟುಕೊಂಡಿರುತ್ತದೆ. ಬ್ಯಾಟರಿ ಬಿಚ್ಚಿದರೆ, ಇಲ್ಲವೇ ಸ್ಕ್ಯಾನರ್ ಹಾಕಿ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಅಳಿಸಿದರೆ, ಬಹಳ ಕಾರುಗಳಲ್ಲಿ ಈ ಪಾಠ ಅಳಿಸಿಹೋಗುತ್ತದೆ. ಕೆಲವು ಹೊಸ ಕಾರುಗಳು ಬ್ಯಾಟರಿ ತೆಗೆದರೂ ಬಹುಪಾಲು ಉಳಿಸಿಕೊಳ್ಳುತ್ತವೆ. ಉಳಿದವು ಕಂಪನಿ ಕೊಟ್ಟ ಅಳತೆಯಿಂದ ಮತ್ತೆ ಶುರು ಮಾಡಬೇಕು. ಹೊಸದಾಗಿ ಬಂದ ಅಡುಗೆಯವರಿಗೆ ಆ ಮನೆಯ ಉಪ್ಪು ಖಾರ ಗೊತ್ತಾಗಲು ನಾಲ್ಕು ದಿನ ಬೇಕಲ್ವಾ, ಹಾಗೆ. ಅಲ್ಲಿಯವರೆಗೆ ಸ್ಲೋ ಸ್ಪೀಡಿನಲ್ಲಿ ಎಂಜಿನ್ ಏರಿ ಇಳಿಯಬಹುದು, ಸಿಗ್ನಲ್‌ನಲ್ಲಿ ಆಫ್ ಆಗಬಹುದು, ಹೊಗೆಯ ಲೆಕ್ಕವೂ ಏರುಪೇರಾಗಬಹುದು.

ನಮ್ಮಲ್ಲಿ ಸೈಲೆನ್ಸರಿಗೆ ಕೊಳವೆ ಹಾಕಿ ಹೊರಬರುವ ಅನಿಲವನ್ನೇ ಅಳೆಯುತ್ತಾರೆ. ಬಿಎಸ್ ಅಂದರೆ ಗಾಡಿಗಳ ಹೊಗೆಗೆ ಸರ್ಕಾರ ಇಟ್ಟಿರುವ ಮಾನದಂಡ. ಬಿಎಸ್ 4 ಅಥವಾ ಅದಕ್ಕಿಂತ ಈಚಿನ ಪೆಟ್ರೋಲ್ ಕಾರಾದರೆ ಸ್ಲೋನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 0.3ನ್ನು ದಾಟಬಾರದು. ಆಮೇಲೆ ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂ ಆಸುಪಾಸಿನಲ್ಲಿ ಹಿಡಿದು ಗಾಳಿ ಪೆಟ್ರೋಲಿನ ಹೊಂದಾಣಿಕೆ ನೋಡುತ್ತಾರೆ. ಅದಕ್ಕೆ ಲ್ಯಾಂಬ್ಡಾ ಅನ್ನುತ್ತಾರೆ. ಅದು 0.97ರಿಂದ 1.03ರ ಒಳಗೆ ಇರಬೇಕು.

ಮಲೆನಾಡಿನ ಗಾಡಿಗಳು ಸಿಕ್ಕಿಬೀಳುವುದು ಇಲ್ಲೇ. ಮಳೆಗೆ ತುಕ್ಕು ಹಿಡಿದು ಸೈಲೆನ್ಸರ್ ಪೈಪಿನಲ್ಲಿ ಸಣ್ಣ ತೂತು ಬಿದ್ದಿರುತ್ತದೆ. ಅಲ್ಲಿಂದ ಹೊರಗಿನ ಗಾಳಿ ಒಳಗೆ ಸೇರಿ ಲ್ಯಾಂಬ್ಡಾ ಮೇಲೆ ಹೋಗುತ್ತದೆ. ತೂತು ಸೆನ್ಸರಿಗಿಂತ ಮುಂದೆ, ಎಂಜಿನ್ ಕಡೆ ಇದ್ದರಂತೂ ಕಂಪ್ಯೂಟರೇ ಮೋಸಹೋಗಿ ಸುಮ್ನೆ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಇದಕ್ಕೆ ಎಷ್ಟು ಓಡಿಸಿದರೂ ಪ್ರಯೋಜನ ಇಲ್ಲ, ವೆಲ್ಡಿಂಗ್ ಮಾಡಿಸಬೇಕು. ಶೆಡ್ಡಿನಲ್ಲಿ ನಿಂತ ಗಾಡಿಗೆ ಇಲಿಗಳ ಕಾಟ ಬೇರೆ. ಸೆನ್ಸರ್ ವೈರು ಕಡಿದಿದ್ದರೆ ಚೆಕ್ ಎಂಜಿನ್ ಲೈಟ್ ಉರಿಯುತ್ತದೆ. ಬಾನೆಟ್ ತೆಗೆದು ಒಮ್ಮೆ ನೋಡಿ. ಏರ್ ಫಿಲ್ಟರ್ ಡಬ್ಬಿಯಲ್ಲೇ ಇಲಿ ಸಂಸಾರ ಹೂಡಿರುವುದೂ ಉಂಟು.

ಇವೆಲ್ಲ ಸರಿ ಇದೆ ಅನ್ನಿ. ಹಾಗಾದರೆ ಕಾರಿಗೆ ಬೇಕಾದದ್ದು ಓಟ. ಮನೆ ಮುಂದೆ ಸ್ಟಾರ್ಟ್ ಮಾಡಿ ಅರ್ಧ ಗಂಟೆ ಬಿಟ್ಟರೆ ಆಗಲ್ವಾ ಅಂತ ಕೇಳುತ್ತಾರೆ. ಆಗಲ್ಲ. ಕಂಪ್ಯೂಟರ್ ಬೇರೆ ಬೇರೆ ವೇಗದಲ್ಲಿ, ಬೇರೆ ಬೇರೆ ಭಾರದಲ್ಲಿ ಕಲಿಯಬೇಕು. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ. ಎರಡು ಮೂರು ನಿಮಿಷ ಎಸಿ ಹಾಕದೆ ಸ್ಲೋನಲ್ಲಿ ಬಿಡಿ. ಊರೊಳಗೆ ಸ್ವಲ್ಪ ಸುತ್ತಿ. ಆಮೇಲೆ ಬೆಂಗಳೂರು ಹೈವೇ ಹಿಡಿದು ಶಾಂತಿಗ್ರಾಮ ದಾಟಿ ಚನ್ನರಾಯಪಟ್ಟಣದವರೆಗೆ ಹೋಗಿ. ಸುಮಾರು 40 ಕಿಲೋಮೀಟರ್, ನಾಲ್ಕು ಪಥದ ರಸ್ತೆ. 80ರ ಆಸುಪಾಸಿನಲ್ಲಿ ಹತ್ತು ಹದಿನೈದು ನಿಮಿಷ ಒಂದೇ ಸಮ ಓಡಿಸಿ. ಹಿಂದೆ ಗಾಡಿ ಇಲ್ಲದ ಕಡೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಬ್ರೇಕ್ ಒತ್ತದೆ, ಗೇರಿನಲ್ಲೇ ತಾನಾಗಿ ವೇಗ ಇಳಿಯಲು ಬಿಡಿ. ಶಿರಾಡಿ ಘಾಟಿ ಈ ಕೆಲಸಕ್ಕೆ ಬೇಡ. ಅಲ್ಲಿ ಒಂದೇ ಸಮ ಓಡಿಸುವ ಮಾತೇ ಇಲ್ಲ. ಚಿಕ್ಕಮಗಳೂರಿನವರು ಗಿರಿ ಕಡೆ ಹತ್ತಬೇಡಿ, ಕಡೂರು ರಸ್ತೆಗೆ ಇಳಿಯಿರಿ.

ಅಮೆರಿಕದಲ್ಲಿರುವ ಮಗನೋ ಮಗಳೋ ಫೋನಿನಲ್ಲಿ ಇದೇ ಗೋಳು ಹೇಳಿರಬಹುದು. ಅಲ್ಲಿ ವಿಷಯ ಇನ್ನೂ ಬಿಗಿ. 1996ರಿಂದ ಈಚಿನ ಕಾರುಗಳಿಗೆ ಎಷ್ಟೋ ರಾಜ್ಯಗಳಲ್ಲಿ ಪೈಪಿಗೆ ಕೊಳವೆ ಹಾಕುವುದಿಲ್ಲ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ವೈರು ಹಾಕಿ ಕಾರಿನ ಕಂಪ್ಯೂಟರನ್ನೇ ಕೇಳುತ್ತಾರೆ. ಹೊಗೆಯಲ್ಲಿನ ವಿಷಾನಿಲ ಕಮ್ಮಿ ಮಾಡುವ ಕನ್ವರ್ಟರ್, ಆಕ್ಸಿಜನ್ ಸೆನ್ಸರ್, ಪೆಟ್ರೋಲ್ ಆವಿ ಹಿಡಿಯುವ ವ್ಯವಸ್ಥೆ, ಇವನ್ನೆಲ್ಲ ಕಂಪ್ಯೂಟರ್ ತಾನೇ ಪರೀಕ್ಷೆ ಮಾಡಿ 'ರೆಡಿ' ಅನ್ನಬೇಕು. ರೀಸೆಟ್ ಮಾಡಿದ ಕೂಡಲೇ ಇವುಗಳಲ್ಲಿ ಹೆಚ್ಚಿನವು 'ನಾಟ್ ರೆಡಿ' ಆಗುತ್ತವೆ, ಕಾರನ್ನು ವಾಪಸ್ ಕಳಿಸುತ್ತಾರೆ. 2001ರಿಂದ ಈಚಿನ ಪೆಟ್ರೋಲ್ ಕಾರಿಗೆ ಸಾಮಾನ್ಯವಾಗಿ ಒಂದು ಬಾಕಿ ಇದ್ದರೆ ನಡೆಯುತ್ತದೆ, ಅಷ್ಟೇ. ಆವಿಯ ಪರೀಕ್ಷೆಗೆ ಟ್ಯಾಂಕ್ ಫುಲ್ಲೂ ಇರಬಾರದು, ಖಾಲಿಯೂ ಇರಬಾರದು. ಅರ್ಧದ ಆಸುಪಾಸು ಒಳ್ಳೆಯದು. ಈ 'ರೆಡಿ' ನಿಯಮ, ಟೆಸ್ಟಿನ ಬೆಳಿಗ್ಗೆ ಕೋಡ್ ಅಳಿಸಿ ಲೈಟ್ ಆರಿಸಿಕೊಂಡು ಬರುವವರ ಜಾಣತನಕ್ಕೆ ಹಾಕಿದ ಬೀಗ. ಸುಮಾರು 2010ರಿಂದ ಈಚೆ ಸ್ಕ್ಯಾನರಿನಿಂದಲೂ, ಬ್ಯಾಟರಿ ಬಿಚ್ಚಿಯೂ ಅಳಿಸಲಾಗದ ಶಾಶ್ವತ ಕೋಡ್‌ಗಳೂ ಬಂದಿವೆ.

ಆ ಜಾಣತನ ನಮ್ಮಲ್ಲೂ ಇದೆ. ಲೈಟ್ ಉರಿಯುತ್ತಿದೆ ಅಂದರೆ ಬ್ಯಾಟರಿ ಬಿಚ್ಚಿ ಹಾಕಿ, ಹೋಗುತ್ತೆ ಅನ್ನುತ್ತಾರೆ. ಹೋಗುತ್ತೆ ನಿಜ. ರೋಗ ಮಾತ್ರ ಹೋಗಲ್ಲ. ಹೈವೇ ಓಟದ ನಡುವೆ ಆ ಲೈಟ್ ಮತ್ತೆ ಬಂದರೆ ಎಮಿಷನ್ ಸೆಂಟರ್ ಮರೆತು ಗ್ಯಾರೇಜಿಗೆ ಹೋಗಿ. ಲೈಟ್ ಮಿಣಮಿಣ ಅನ್ನುತ್ತಿದ್ದರೆ ಇನ್ನೂ ಅವಸರ. ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನೇ ಸುಡುತ್ತಿರಬಹುದು, ಮತ್ತೆ ಕನ್ವರ್ಟರ್ ಅಗ್ಗದ ಸಾಮಾನಲ್ಲ.

ಓಟ ಚೆನ್ನಾಗಿ ಆಯಿತು ಅಂತಿಟ್ಟುಕೊಳ್ಳಿ. ಬಿಸಿ ಆರುವ ಮೊದಲೇ ಟೆಸ್ಟಿಗೆ ಹೋಗಿ. ಕನ್ವರ್ಟರ್ ಕೆಲಸ ಶುರು ಮಾಡುವುದೇ 250, 300 ಡಿಗ್ರಿ ಬಿಸಿಯಾದ ಮೇಲೆ. ಡಿಸೆಂಬರ್ ಚಳಿಯಲ್ಲಿ ಕ್ಯೂನಲ್ಲಿ ನಿಂತು ಗಾಡಿ ಆರಿಹೋದರೆ, ನಿಮ್ಮ ಸರದಿ ಬರುವ ಮುಂಚೆ ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ 2500 ಆರ್‌ಪಿಎಂನಲ್ಲಿ ಹಿಡಿಯಿರಿ.

ಡೀಸೆಲ್ ಗಾಡಿಯವರಿಗೆ ರೀಸೆಟ್ಟಿನ ತೊಂದರೆ ಕಮ್ಮಿ. ಅಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಬರುವ ಹೊಗೆಯ ದಟ್ಟಣೆ ಅಳೆಯುತ್ತಾರೆ. ತೋಟದೊಳಗೆ ಫಸ್ಟು ಸೆಕೆಂಡಿನಲ್ಲೇ ಓಡಿದ ಜೀಪಿನ ಪೈಪಿನಲ್ಲಿ ಮಸಿ ಕಟ್ಟಿರುತ್ತದೆ. ಏರ್ ಫಿಲ್ಟರ್ ಬದಲಿಸಿ, ಅದೇ ಹೈವೇಯಲ್ಲಿ ಒಮ್ಮೆ ಜೋರಾಗಿ ಓಡಿಸಿ ತನ್ನಿ.

ಇನ್ನು ತಾರೀಖು. ಬಿಎಸ್ 4, ಬಿಎಸ್ 6 ಗಾಡಿಗೆ ಸರ್ಟಿಫಿಕೇಟ್ ಒಂದು ವರ್ಷ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳು. ಇಲ್ಲದೆ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ 10,000 ರೂಪಾಯಿವರೆಗೆ ದಂಡಕ್ಕೆ ಅವಕಾಶ ಇದೆ. ಬ್ಯಾಟರಿ ಹಾಕಿಸುವ ದಿನವೇ ಆ ತಾರೀಖು ನೋಡಿಕೊಳ್ಳಿ. ಇನ್ನೂ ಒಂದು ವಾರ ಇದ್ದರೆ ನಿಧಾನವಾಗಿ ಓಡಿಸಿಕೊಂಡು ಆಮೇಲೆ ಹೋಗಿ. ನಾಳೆಯೇ ಮುಗಿಯುತ್ತದೆ ಅಂದರೆ ಇವತ್ತು ಮೊದಲು ಚನ್ನರಾಯಪಟ್ಟಣಕ್ಕೆ ಹೋಗಿ ಬನ್ನಿ, ಟೆಸ್ಟ್ ಸಂಜೆಗಿರಲಿ.

ನಮಸ್ಕಾರ.