ಈ ಬ್ಯಾಗ್ ಮತ್ತೆ ನನ್ನ ಕೈಗೆ ಎಲ್ಲಿ ಸಿಗುತ್ತೆ?

ಕೇಳುಗರಿಗೆಲ್ಲ ನಮಸ್ಕಾರ.

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಇತ್ತ ಕೋಲಾರ, ಬಂಗಾರಪೇಟೆ ಕಡೆಯಿಂದ ಮಕ್ಕಳನ್ನು ನೋಡೋಕೆ ವಿದೇಶಕ್ಕೆ ಹೊರಟಿರುವ ಅಪ್ಪ ಅಮ್ಮಂದಿರಿಗೆ ಈ ಹೊತ್ತಿನ ಮಾತು. ದೇವನಹಳ್ಳಿ ನಮಗೆ ಪಕ್ಕದೂರು, ಅಲ್ಲಿಯವರೆಗೆ ಯಾರೂ ದಾರಿ ತಪ್ಪೋದಿಲ್ಲ. ತಪ್ಪೋದು ನಡುವಿನ ಊರಲ್ಲಿ, ಒಂದು ವಿಮಾನ ಇಳಿದು ಇನ್ನೊಂದು ಹತ್ತುವ ಕಡೆ. ಅದಕ್ಕೆ ನಾನು ಇವತ್ತು ಒಂದೇ ಒಂದು ಪ್ರಶ್ನೆ ಹೇಳಿಕೊಡ್ತೀನಿ. ಬೆಂಗಳೂರಿನ ಕೌಂಟರಿನಲ್ಲಿ ದೊಡ್ಡ ಬ್ಯಾಗು ತೂಕಕ್ಕೆ ಇಟ್ಟಾಗ ಕೇಳಿ: "ಈ ಬ್ಯಾಗ್ ಮತ್ತೆ ನನ್ನ ಕೈಗೆ ಎಲ್ಲಿ ಸಿಗುತ್ತೆ?"

"ಬ್ಯಾಗ್ ಎಲ್ಲಿಗೆ ಹೋಗುತ್ತೆ" ಅಂತ ಕೇಳಬೇಡಿ. ಹಾಗೆ ಕೇಳಿ ಕೆಟ್ಟವರ ಕಥೆ ಹೇಳ್ತೀನಿ.

ಚಿಂತಾಮಣಿ ಕಡೆಯ ದಂಪತಿ. ಮಗಳು ಇರೋದು ಅಮೆರಿಕದ ಕೊಲಂಬಸ್‌ನಲ್ಲಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಷಿಕಾಗೋ, ಅಲ್ಲಿಂದ ಕೊಲಂಬಸ್. ಕೌಂಟರಿನಲ್ಲಿ ಯಜಮಾನರು ಕೇಳಿದರು, "ಬ್ಯಾಗ್ ಎಲ್ಲಿಗೆ ಹೋಗುತ್ತಮ್ಮಾ?" ಆ ಹುಡುಗಿ, "ಕೊಲಂಬಸ್‌ವರೆಗೂ ಹೋಗುತ್ತೆ ಸರ್" ಅಂದಳು. ಸುಳ್ಳು ಹೇಳಲಿಲ್ಲ. ಬ್ಯಾಗಿನ ಹಿಡಿಗೆ ಸುತ್ತಿದ ಚೀಟಿಯಲ್ಲೂ ದಪ್ಪಕ್ಷರದಲ್ಲಿ ಸಿಎಂಎಚ್ ಅಂತಲೇ ಇತ್ತು, ಅದು ಕೊಲಂಬಸ್ ನಿಲ್ದಾಣದ ಗುರುತು. ಅದರ ಕೆಳಗೆ ಸಣ್ಣಕ್ಷರದಲ್ಲಿ ಓಆರ್‌ಡಿ ಅಂತ ಇತ್ತು. ಅದು ಷಿಕಾಗೋದ ಓಹೇರ್ ನಿಲ್ದಾಣ. ಅದನ್ನು ಯಾರೂ ನೋಡಲಿಲ್ಲ.

ಫ್ರಾಂಕ್‌ಫರ್ಟ್ ಸಲೀಸಾಗಿಯೇ ದಾಟಿದರು. ಅಲ್ಲಿ ಎ ಗೇಟುಗಳ ಮೇಲಿನ ಮಹಡಿಯೇ ಜೆಡ್ ಗೇಟುಗಳು. ಬೋರ್ಡಿಂಗ್ ಪಾಸ್ ತೋರಿಸಿ ಕೇಳಿಕೊಂಡು ಹತ್ತಿದರು. ಷಿಕಾಗೋದಲ್ಲಿ ಇಮಿಗ್ರೇಷನ್ ಸಾಲು ದೊಡ್ಡದು, ಬೆರಳಚ್ಚು, ಫೋಟೋ, ಎಷ್ಟು ದಿನ ಇರ್ತೀರಿ ಅನ್ನೋ ಪ್ರಶ್ನೆ, ಎಲ್ಲ ಮುಗೀತು. ಕೆಳಗೆ ಬಂದರೆ ಬೆಲ್ಟುಗಳ ಮೇಲೆ ಬ್ಯಾಗು ಸುತ್ತುತ್ತಾ ಇವೆ, ಜನ ಕಾಯ್ತಾ ನಿಂತಿದ್ದಾರೆ. "ನಮ್ಮದು ಕೊಲಂಬಸ್‌ಗೆ ಹೋಗುತ್ತಲ್ಲ" ಅಂತ ಇವರು ಕೈಚೀಲ ಹಿಡಿದು ಸೀದಾ ಕಸ್ಟಮ್ಸ್ ಬಾಗಿಲು ದಾಟಿ ಹೊರಗೆ ಬಂದುಬಿಟ್ಟರು. ಆ ಬಾಗಿಲು ಒಂದೇ ದಿಕ್ಕಿಗೆ. ಹೊರಗೆ ಬಂದವರನ್ನು ಮತ್ತೆ ಒಳಗೆ ಬಿಡೋದಿಲ್ಲ.

ಅಮೆರಿಕದ ನಿಯಮ ಏನು? ಆ ದೇಶದಲ್ಲಿ ಮೊದಲು ಇಳಿದ ಊರಿನಲ್ಲೇ ಪ್ರಯಾಣಿಕರು ಸಾಮಾನ್ಯವಾಗಿ ತಮ್ಮ ಬ್ಯಾಗನ್ನು ತಾವೇ ಬೆಲ್ಟಿನಿಂದ ಎತ್ತಿಕೊಂಡು ಕಸ್ಟಮ್ಸ್ ದಾಟಬೇಕು. ದಾಟಿದ ಕೂಡಲೇ ಬ್ಯಾಗ್ ವಾಪಸ್ ಕೊಡುವ ಕೌಂಟರ್ ಇರುತ್ತೆ, ಅಲ್ಲಿ ಕೊಟ್ಟರೆ ಮುಂದಿನ ವಿಮಾನಕ್ಕೆ ಏರಿಸ್ತಾರೆ. ಚೀಟಿ ಕೊಲಂಬಸ್‌ವರೆಗೂ ಇರೋದು ಆ ಮುಂದಿನ ವಿಮಾನಕ್ಕೆ. ಷಿಕಾಗೋದ ಬೆಲ್ಟಿನಿಂದ ಆ ಕೌಂಟರಿನವರೆಗೆ ಬ್ಯಾಗ್ ತಳ್ಳುವ ಕೆಲಸ ನಿಮ್ಮದೇ.

ಮುಂದೆ? ವಿಮಾನ ಸಂಸ್ಥೆಯ ಕೌಂಟರ್ ಹುಡುಕಿ, ಭಾಷೆ ಬಾರದೆ ಮಗಳಿಗೆ ಫೋನ್ ಹಚ್ಚಿ ಅವಳಿಂದಲೇ ಹೇಳಿಸಿ, ಸಿಬ್ಬಂದಿ ಒಳಗಿನಿಂದ ಬ್ಯಾಗ್ ತರಿಸುವ ಹೊತ್ತಿಗೆ ಒಂದೂವರೆ ಗಂಟೆ ಹೋಯಿತು. ಅಷ್ಟಾದ ಮೇಲೆ ಓಹೇರ್‌ನ ಟರ್ಮಿನಲ್ 5ರಿಂದ ಪುಟ್ಟ ರೈಲು ಹತ್ತಿ ಟರ್ಮಿನಲ್ 1ಕ್ಕೆ ಹೋಗಬೇಕು, ಅಲ್ಲಿ ಮತ್ತೆ ಕೈಚೀಲದ ತಪಾಸಣೆ. ವಿಮಾನ ಹೋಗಿಯಾಗಿತ್ತು. ಯಜಮಾನರ ಬಿಪಿ ಮಾತ್ರೆ ಇದ್ದದ್ದೂ ಆ ದೊಡ್ಡ ಬ್ಯಾಗಿನಲ್ಲೇ. ದಯವಿಟ್ಟು ಮಾತ್ರೆ ಕೈಚೀಲದಲ್ಲಿಡಿ, ವೈದ್ಯರ ಚೀಟಿಯ ಸಮೇತ. ಪುಣ್ಯಕ್ಕೆ ಇಡೀ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿ ಇದ್ದದ್ದರಿಂದ ಮರುದಿನ ಬೆಳಗಿನ ವಿಮಾನದಲ್ಲಿ ಬೇರೆ ದುಡ್ಡಿಲ್ಲದೆ ಸೀಟು ಸಿಕ್ಕಿತು. ರಾತ್ರಿಯೆಲ್ಲ ಕುರ್ಚಿಯ ಮೇಲೆ.

ಕೌಂಟರಿನಲ್ಲಿ "ನನ್ನ ಕೈಗೆ ಮತ್ತೆ ಎಲ್ಲಿ ಸಿಗುತ್ತೆ" ಅಂತ ಕೇಳಿದ್ದರೆ ಆ ಹುಡುಗಿ "ಷಿಕಾಗೋದಲ್ಲಿ" ಅಂತಿದ್ದಳು. ಅಷ್ಟೇ ವ್ಯತ್ಯಾಸ. ಅಬುಧಾಬಿಯಿಂದ ಅಮೆರಿಕಕ್ಕೆ ಹೋಗುವವರಿಗೆ ಇಮಿಗ್ರೇಷನ್ ಅಬುಧಾಬಿಯಲ್ಲೇ ಮುಗಿಯುತ್ತೆ. ಅವರೂ ಇದೇ ಪ್ರಶ್ನೆ ಕೇಳಲಿ.

ಈಗ ಮಕ್ಕಳಿಗೆ ಒಂದು ಮಾತು, ಸ್ವಲ್ಪ ಖಾರವಾಗಿಯೇ. ಆರೇಳು ಸಾವಿರ ಉಳಿಯುತ್ತೆ ಅಂತ ದುಬೈವರೆಗೆ ಒಂದು ಟಿಕೆಟ್, ದುಬೈಯಿಂದ ಇನ್ನೊಂದು ಸಂಸ್ಥೆಯಲ್ಲಿ ಇನ್ನೊಂದು ಟಿಕೆಟ್ ಮಾಡಿಸಿ ಅರವತ್ತು ದಾಟಿದ ತಂದೆತಾಯಿಯನ್ನು ಕಳಿಸ್ತೀರಲ್ಲ, ಅದನ್ನು ಬಿಡಿ. ಪಿಎನ್‌ಆರ್, ಅಂದರೆ ಬುಕಿಂಗ್ ನಂಬರ್, ಎರಡಾದರೆ ಬ್ಯಾಗ್ ಸಾಮಾನ್ಯವಾಗಿ ದುಬೈನಲ್ಲೇ ಕೈಗೆ ಬರುತ್ತೆ. ಅದನ್ನು ಎತ್ತಿಕೊಳ್ಳೋಕೆ ಇಮಿಗ್ರೇಷನ್ ದಾಟಬೇಕು, ದಾಟೋಕೆ ಆ ದೇಶದ ವೀಸಾ ಬೇಕು. ಆಮೇಲೆ ಎರಡನೇ ಸಂಸ್ಥೆಯ ಕೌಂಟರಿಗೆ ಹೋಗಿ ಮತ್ತೆ ಚೆಕ್ ಇನ್, ಅದು ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತೆ. ದುಬೈ ಟರ್ಮಿನಲ್ 2 ಇರೋದು ಓಡುದಾರಿಯ ಆಚೆ ಬದಿಗೆ, 1 ಮತ್ತು 3 ಈಚೆ. ಮೊದಲ ವಿಮಾನ ತಡವಾದರೆ ಎರಡನೆಯವರು "ನಮಗೂ ಅದಕ್ಕೂ ಸಂಬಂಧವಿಲ್ಲ" ಅಂತಾರೆ. ಹಾಗೂ ಎರಡು ಟಿಕೆಟ್ಟೇ ಆಗಬೇಕಾದರೆ ನಡುವೆ ಆರು ಗಂಟೆಯಾದರೂ ಬಿಡಿ.

ಒಂದೇ ಟಿಕೆಟ್ಟಾದರೆ ದುಬೈ, ದೋಹಾ, ಸಿಂಗಪುರದಲ್ಲಿ ಬ್ಯಾಗಿನ ಗೊಡವೆಯೇ ಇಲ್ಲ. ಜನರ ಹಿಂದೆ ಹೋಗಬೇಡಿ, ಅರ್ಧ ಜನ ಆ ಊರಿಗೇ ಬಂದವರು. "ಟ್ರಾನ್ಸ್‌ಫರ್" ಅಥವಾ "ಕನೆಕ್ಷನ್ಸ್" ಅನ್ನೋ ಬೋರ್ಡು ಹಿಡಿದು ಹೋಗಿ. ಲಂಡನ್ನಿನ ಹೀಥ್ರೋದಲ್ಲಿ ಆ ಬೋರ್ಡು ನೇರಳೆ ಬಣ್ಣದ್ದು. ಲಂಡನ್ ಮೇಲೆ ಹೋಗುವವರು ಟ್ರಾನ್ಸಿಟ್ ವೀಸಾ ಬೇಕೇ ಅಂತ ಟಿಕೆಟ್ ತೆಗೆಯುವ ಮೊದಲೇ ವಿಚಾರಿಸಿ. ಟಿವಿ ಪರದೆಯಲ್ಲಿ ಊರಿನ ಹೆಸರು ನೋಡಬೇಡಿ, ವಿಮಾನದ ನಂಬರ್ ನೋಡಿ. ಒಂದೇ ಊರಿಗೆ ಗಂಟೆಯೊಳಗೆ ಎರಡು ಮೂರು ವಿಮಾನ ಇರುತ್ತವೆ. ಬೋರ್ಡಿಂಗ್ ಪಾಸಿನ ಮೇಲಿನ ಗೇಟು ಬದಲಾಗಬಹುದು, ಪರದೆ ಹೇಳಿದ್ದೇ ಸರಿ. ಫ್ರಾಂಕ್‌ಫರ್ಟ್ ಮೇಲೆ ರೋಮ್‌ಗೆ ಹೋದರೆ ಪಾಸ್‌ಪೋರ್ಟ್ ತಪಾಸಣೆ ಫ್ರಾಂಕ್‌ಫರ್ಟ್‌ನಲ್ಲಿ, ಬ್ಯಾಗ್ ಕೈಗೆ ಬರೋದು ರೋಮ್‌ನಲ್ಲಿ.

ವಾಪಸ್ ಬರುವಾಗ ದೆಹಲಿ ಅಥವಾ ಮುಂಬೈ ಮೇಲೆ ಬರ್ತೀರಾದರೆ ಕಥೆ ಮತ್ತೆ ಷಿಕಾಗೋ ಥರವೇ. ಬ್ಯಾಗು ಸಾಮಾನ್ಯವಾಗಿ ಅಲ್ಲೇ ಎತ್ತಿಕೊಂಡು ಕಸ್ಟಮ್ಸ್ ದಾಟಿ ಮತ್ತೆ ಕೊಡಬೇಕು. ಹೊರಡುವ ಊರಿನ ಕೌಂಟರಿನಲ್ಲೂ ಅದೇ ಪ್ರಶ್ನೆ: ನನ್ನ ಕೈಗೆ ಮತ್ತೆ ಎಲ್ಲಿ ಸಿಗುತ್ತೆ? ಮುಂಬೈನಲ್ಲಿ ಟರ್ಮಿನಲ್ 1 ಮತ್ತು 2ರ ನಡುವೆ ಊರಿನ ರಸ್ತೆಯಲ್ಲೇ ಹೋಗಬೇಕು, ಟ್ರಾಫಿಕ್ಕೂ ಲೆಕ್ಕಕ್ಕೆ ಬರುತ್ತೆ.

ಸಮಯ ಮುಗೀತಾ ಬಂತು ಅಂತ ಸನ್ನೆ ಮಾಡ್ತಿದ್ದಾರೆ, ಉಳಿದದ್ದು ಬೇಗ ಹೇಳಿಬಿಡ್ತೀನಿ.

ಟಿಕೆಟ್ಟಿನಲ್ಲಿ 12ನೇ ತಾರೀಖು 01.50 ಅಂತಿದ್ದರೆ ಮನೆ ಬಿಡಬೇಕಾದದ್ದು 11ರ ಸಂಜೆ. ಹನ್ನೆರಡರ ರಾತ್ರಿ ಹೋದರೆ ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತೆ. ಟಿಕೆಟ್ಟಿನ ಎಲ್ಲ ಸಮಯವೂ ಆಯಾ ಊರಿನದು. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಅಲ್ಲಿ ಕೈಗಡಿಯಾರ ನಂಬಿ ಕೂತರೆ ಗೇಟು ಮುಚ್ಚಿರುತ್ತೆ. ಬೆಂಗಳೂರಿನಲ್ಲಿ ವಿದೇಶದ ವಿಮಾನಗಳು 2023ರ ಸೆಪ್ಟೆಂಬರಿನಿಂದ ಟರ್ಮಿನಲ್ 2ರಲ್ಲಿ, ಕಾರಿನ ಡ್ರೈವರ್‌ಗೆ ಮೊದಲೇ ಹೇಳಿ.

ತುಮಕೂರಿನವರು ಕೇಳ್ತಿದ್ದರೆ, ತಿಪಟೂರು ಕೊಬ್ಬರಿ ಬ್ಯಾಗಿಗೆ ಹಾಕಬೇಡಿ. ಅದರಲ್ಲಿರುವ ಎಣ್ಣೆಯಿಂದ ತಾನಾಗಿಯೇ ಬಿಸಿಯೇರುವ ವಸ್ತು ಅಂತ ಅಪಾಯಕಾರಿ ಸಾಮಾನಿನ ಪಟ್ಟಿಯಲ್ಲಿದೆ. ಸ್ಕ್ಯಾನರಿನಲ್ಲಿ ಕಂಡರೆ ಬ್ಯಾಗು ತಡೆದು ನಿಮ್ಮನ್ನು ಕರೆಸ್ತಾರೆ. ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಬೇಡ, ನಡುವಿನ ಊರಿನ ತಪಾಸಣೆಯಲ್ಲಿ ಸಾಮಾನ್ಯವಾಗಿ ನೂರು ಮಿಲಿಗಿಂತ ದೊಡ್ಡ ಡಬ್ಬಿ ಕಸದ ಬುಟ್ಟಿಗೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಲಿ. ಮಂಡಿ ನೋವಿದ್ದರೆ ಗಾಲಿಕುರ್ಚಿಯನ್ನು ಎರಡು ದಿನ ಮೊದಲೇ ಸಂಸ್ಥೆಗೆ ಹೇಳಿ ಬರೆಸಿ. ತಳ್ಳುವವರು ಕೂರಿಸಿದ ಜಾಗ ಬಿಟ್ಟು ಕಾಫಿಗೆ ಅಂತ ಏಳಬೇಡಿ, ಅವರು ಬಂದು ಹುಡುಕುವಷ್ಟರಲ್ಲಿ ಹೊತ್ತಾಗುತ್ತೆ.

ಬ್ಯಾಗ್ ಕೊಟ್ಟಾಗ ಹತ್ತಂಕಿಯ ನಂಬರ್ ಇರುವ ಸಣ್ಣ ಚೀಟಿ ಅಂಟಿಸಿಕೊಡ್ತಾರೆ, ಅದು ಕಳೆಯಬಾರದು. ಕೊನೆಯ ಊರಿನಲ್ಲಿ ಬ್ಯಾಗ್ ಬರದಿದ್ದರೆ ಬೆಲ್ಟಿನ ಹತ್ತಿರವೇ ಇರುವ ಬ್ಯಾಗೇಜ್ ಕೌಂಟರಿನಲ್ಲಿ ಆ ಚೀಟಿ ತೋರಿಸಿ, ಪಿಐಆರ್ ಅನ್ನೋ ದೂರಿನ ಫಾರಂ ಬರೆಸಿ, ಅದರ ಪ್ರತಿ ಇಸಕೊಂಡೇ ಹೊರಗೆ ಬನ್ನಿ.

ನಮಸ್ಕಾರ.